ಲಾಂಡ್ರಿಯ ಅಂಗಳದ ಮರಳು

ಮಾರ್ಚ್ ಹದಿನಾಲ್ಕು. ಮೂರು ದಿನ ಬಿಡದೆ ಬೀಸಿದ ಗಾಳಿ ಬೆಳಗಾಗುವ ಮೊದಲೇ ನಿಂತಿತ್ತು. ಆಕಾಶ ತೊಳೆದು ಕವುಚಿಟ್ಟ ಬಟ್ಟಲಿನ ಹಾಗಿತ್ತು. ಎದುರು ಮನೆಯ ಮಾಳಿಗೆಯ ಹಗ್ಗದಲ್ಲಿ ಒಣಹಾಕಿದ್ದ ಬಟ್ಟೆಗಳು ಒಂದಿಷ್ಟೂ ಅಲುಗದೆ ನೇತಾಡುತ್ತಿದ್ದವು.

ಬೇರೆ ಯಾರಿಗಾದರೂ ಅದು ಒಳ್ಳೆಯ ದಿನವೇ. ಕಿಟಕಿಯ ಬಳಿ ನಿಂತು ಆ ಬಟ್ಟೆಗಳನ್ನೇ ನೋಡುತ್ತಿದ್ದ ತಂಗಿಗೆ ಮಾತ್ರ ಅದು ಬೇಡವಾಗಿತ್ತು. ಇನ್ನೊಂದು ದಿನ ಗಾಳಿ ಬೀಸಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಿದ್ದಳು. ಗಾಳಿ ಇರುವಷ್ಟು ಹೊತ್ತು ನೆಲಕ್ಕೆ ಕಿವಿಗೊಡುವ ಕೆಲಸ ನಡೆಯದು; ಕೆಲಸ ನಡೆಯದಷ್ಟು ಹೊತ್ತು ಅವಳ ಅನುಮಾನ ಬರೀ ಅನುಮಾನವಾಗಿಯೇ ಉಳಿಯುತ್ತಿತ್ತು.

ಅವಳನ್ನು ಇಲ್ಲಿ ತಂಗಿ ಎಂದೇ ಕರೆಯುವುದು ಸರಿ. ಕಚೇರಿಯವರಿಗೆ ಅವಳು ಸರ್ವೆ ಮೇಡಂ. ಜೊತೆಯ ಕೆಲಸಗಾರರಿಗೆ, ಬೆನ್ನ ಹಿಂದೆ, ತಡೀರಿ ಮೇಡಂ. ನೆಲಕ್ಕೆ ವಿದ್ಯುತ್ ಬಿಡುವ ಮೊದಲು ಎಲ್ಲರೂ ಗೂಟಗಳಿಂದ ಕೈ ತೆಗೆದಿದ್ದಾರೆಯೇ ಎಂದು ಒಮ್ಮೆ ನೋಡಿದರೆ ಸಾಕಾಗಿದ್ದಲ್ಲಿ ಮತ್ತೆ ಮತ್ತೆ ನೋಡಿ, "ತಡೀರಿ, ತಡೀರಿ" ಎನ್ನುವುದು ಅವಳ ಅಭ್ಯಾಸ. ಆದರೆ ಐವತ್ತರ ಹೊಸ್ತಿಲಿಗೆ ಬಂದರೂ, ತಲೆಯಲ್ಲಿ ಬಿಳಿಯೇ ಹೆಚ್ಚಾದರೂ, ಅವಳು ಮೊದಲಿಗೂ ಕೊನೆಗೂ ಅಕ್ಕನ ತಂಗಿ. ತಾಯಿ ತೀರಿಕೊಂಡ ವರ್ಷವೇ ಅಕ್ಕ ಶಾಲೆ ಬಿಟ್ಟು ಲಾಂಡ್ರಿಗೆ ಸೇರಿದ್ದಳು. ಆಸ್ಪತ್ರೆಗಳ, ವಸತಿಗೃಹಗಳ ಹಾಸಿಗೆ ಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಮಡಿಸಿ ಕಳಿಸುವ ಆ ಲಾಂಡ್ರಿಯ ಬಿಸಿಯಲ್ಲೇ ಅವಳ ಪ್ರಾಯ ಕಳೆದಿತ್ತು. ತಂಗಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಓದಿದ್ದು ಆ ಬಿಸಿಯ ದುಡಿಮೆಯಿಂದ. ಅಕ್ಕ ಅದನ್ನು ಎಂದೂ ಎತ್ತಿ ಆಡಿದವಳಲ್ಲ. ಅದರ ಬದಲು ತಂಗಿಯ ಉದ್ಯೋಗವನ್ನೇ ಎತ್ತಿ ಆಡುತ್ತಿದ್ದಳು. "ಇವಳು ನೆಲಕ್ಕೆ ಸೂಜಿ ಚುಚ್ಚೋ ಡಾಕ್ಟರು. ರೋಗಿ ಬಾಯಿ ಬಿಡಲ್ಲ, ಅದಕ್ಕೇ ಇವಳ ಹೆಸರು ಕೆಟ್ಟಿಲ್ಲ," ಎಂದು ಮಡಿಸುವ ಮೇಜಿನ ಸುತ್ತ ನಿಂತ ಹೆಂಗಸರಿಗೆ ಹೇಳಿ ನಗಿಸುತ್ತಿದ್ದಳು.

ಮಾತು ಸುಳ್ಳೇನಲ್ಲ. ಈಗ ಈ ಊರಿರುವ ಜಾಗದಲ್ಲಿ ಸಾವಿರಾರು ವರ್ಷಗಳ ಹಿಂದೆ ಒಂದು ನದಿ ಹರಿಯುತ್ತಿತ್ತು. ಯಾವಾಗಲೋ ಅದು ಮಗ್ಗುಲು ಬದಲಿಸಿ ದೂರ ಸರಿಯಿತು. ಬಿಟ್ಟುಹೋದ ಪಾತ್ರದಲ್ಲಿ ಮರಳು, ಜಲ್ಲಿ ಉಳಿದವು; ಅವುಗಳ ಮೇಲೆ ಜೇಡಿಮಣ್ಣು ಕೂತಿತು; ಜೇಡಿಯ ಮೇಲೆ ಬೀದಿ, ಬ್ಯಾಂಕು, ಬಸ್ ನಿಲ್ದಾಣ, ಮನೆಗಳು ಕೂತವು. ನದಿ ಸತ್ತರೂ ಅದರ ಮರಳಿನಲ್ಲಿ ಸಿಹಿನೀರು ತುಂಬಿರುತ್ತದೆ. ಆ ಹೂತುಹೋದ ಪಾತ್ರ ಎಲ್ಲಿ ಹಾಯುತ್ತದೆ ಎಂದು ಗುರುತಿಸಿಕೊಟ್ಟರೆ ಅಲ್ಲೊಂದು ದೊಡ್ಡ ಬಾವಿ ಕೊರೆಸಬಹುದೆಂದು ನೀರಿನ ಕಚೇರಿಯವರು ತಂಗಿಯನ್ನು ಕರೆಸಿದ್ದರು. ಕಬ್ಬಿಣದ ಗೂಟಗಳನ್ನು ಸಾಲಾಗಿ ನೆಲಕ್ಕೆ ಬಡಿದು, ಬುಡಕ್ಕೆ ಉಪ್ಪುನೀರು ಹೊಯ್ದು, ಹೊರಗಿನ ಎರಡು ಗೂಟಗಳಿಂದ ವಿದ್ಯುತ್ ಬಿಟ್ಟು, ಒಳಗಿನ ಎರಡರಿಂದ ಅಳೆಯುವುದು ಅವಳ ಕ್ರಮ. ಜೇಡಿಯಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಸಿಹಿನೀರಿನ ಮರಳು, ಜಲ್ಲಿ ಅದನ್ನು ತಡೆಯುತ್ತವೆ. ತಡೆ ಹೆಚ್ಚಾದ ಕಡೆಯೆಲ್ಲ ನಕ್ಷೆಯಲ್ಲಿ ಕೆಂಪು ಹಚ್ಚುತ್ತ ಹೋದರೆ, ಮೇಲೆ ಯಾರಿಗೂ ಕಾಣದ ನದಿ ಕಾಗದದ ಮೇಲೆ ಡೊಂಕುಡೊಂಕಾಗಿ ಎದ್ದುಬರುತ್ತದೆ.

ಆ ನದಿ ಎದ್ದುಬರುವಾಗ ಅವಳಿಗೆ ಆಗುತ್ತಿದ್ದ ಸಂತೋಷ ಬೇರೆ ಯಾವುದರಿಂದಲೂ ಆಗುತ್ತಿರಲಿಲ್ಲ. ಹುಟ್ಟಾ ಪುಕ್ಕಲು ಸ್ವಭಾವದವಳು. ಚಿಕ್ಕಂದಿನಲ್ಲಿ ಮನೆಯ ನೆಲ ಕುಸಿಯುತ್ತದೆ ಎಂದು ಹೆದರಿ ಮಂಚದಿಂದ ಇಳಿಯುತ್ತಲೇ ಇರಲಿಲ್ಲ. ಆಗ ಅಕ್ಕ ಮಂಚದ ಪಕ್ಕ ನಿಂತು ಹಿಮ್ಮಡಿಯಿಂದ ದಡದಡ ನೆಲ ಗುದ್ದಿ, "ನೋಡು, ಎಲ್ಲಾದ್ರೂ ಹೋಯ್ತಾ?" ಎಂದು ಕೇಳುತ್ತಿದ್ದಳು. ಹೋಗುತ್ತಿರಲಿಲ್ಲ. ನೆಲವನ್ನೇ ಓದಲು ಹೊರಟದ್ದಕ್ಕೆ ಆ ಹೆದರಿಕೆಯೇ ಕಾರಣವಿರಬಹುದೆಂದು ತಂಗಿಗೆ ಎಷ್ಟೋ ಸಲ ಅನ್ನಿಸಿತ್ತು. ಕೆಳಗೇನಿದೆ ಎಂದು ತಿಳಿದವರಿಗೆ ಅಷ್ಟು ಭಯವಿರಲಾರದು ಎಂದುಕೊಂಡಿದ್ದಳು. ಆ ಎಣಿಕೆ ತಪ್ಪಿತ್ತು.

ಫೆಬ್ರವರಿಯ ಕೊನೆಯಲ್ಲಿ ಅಳತೆಯ ಸಾಲು ಲಾಂಡ್ರಿಯ ಹಿಂದಿನ ಓಣಿಗೆ ಬಂದಾಗ ತಡೆ ಅಳೆಯುವ ಪೆಟ್ಟಿಗೆಯ ಮುಳ್ಳು ಹಿಂದೆಂದೂ ಕಾಣದಷ್ಟು ಮೇಲೆ ಹೋಯಿತು. ತಂಗಿ ಗೂಟಗಳನ್ನು ಕೀಳಿಸಿ, ಮತ್ತೆ ಬಡಿಸಿ, ಉಪ್ಪುನೀರು ಹೊಯ್ಯಿಸಿ ಅಳೆದಳು. ಅದೇ ಉತ್ತರ. ನದಿಯ ಒಳ್ಳೆಯ ಜಲ್ಲಿಯೆಲ್ಲ ಇಲ್ಲೇ ರಾಶಿಬಿದ್ದಿದೆ ಎಂದು ಅವಳು ಹಿಗ್ಗಿದಳು. ನಕ್ಷೆಯಲ್ಲಿ ಆ ಜಾಗಕ್ಕೆ ಕಡುಗೆಂಪು ಹಚ್ಚಿ, ದೊಡ್ಡ ಬಾವಿಗೆ ಇದೇ ಎಲ್ಲಕ್ಕಿಂತ ಯೋಗ್ಯ ಸ್ಥಳವೆಂದು ವರದಿ ಬರೆದು ಸಹಿ ಮಾಡಿಕೊಟ್ಟಳು. ಓದಿದವರು ಮಾಡುವ ತಪ್ಪೇ ಇದು: ಹುಡುಕುತ್ತಿದ್ದುದು ಸಿಕ್ಕಿತೆಂದರೆ ಅದು ಬೇರೆ ಏನಾದರೂ ಇರಬಹುದೇ ಎಂದು ಕೇಳುವವರು ಕಡಿಮೆ. ಕೊರೆಯುವ ಲಾರಿ ಹದಿನಾರನೆಯ ತಾರೀಖು ಬರುವುದೆಂದು ಗೊತ್ತಾಯಿತು.

ವರದಿ ಕೊಟ್ಟ ಮೇಲೆ ಅಕ್ಕನನ್ನು ನೋಡಿ ಹೋಗೋಣವೆಂದು ಲಾಂಡ್ರಿಯ ಒಳಹೊಕ್ಕಳು. ಹಿಂದಿನ ಅಂಗಳದಲ್ಲಿ ಕೊಳವೆಬಾವಿ. ಅದರ ಪಕ್ಕದಲ್ಲಿ ನೀರು ತಿಳಿಯಾಗಲು ಕಟ್ಟಿದ ತೊಟ್ಟಿ. ತೊಟ್ಟಿಯ ಆಚೆ ಆಳೆತ್ತರವನ್ನೂ ಮೀರಿದ ನಯವಾದ ಮರಳಿನ ಗುಡ್ಡೆ, ನೆತ್ತಿಯಲ್ಲಿ ಒಂದು ಸಲಿಕೆ. ಗಾರೆಯವನೊಬ್ಬ ಅದರಿಂದ ಚೀಲ ತುಂಬಿಕೊಳ್ಳುತ್ತಿದ್ದ. ಮರಳು ಎಲ್ಲಿಂದ ತರಿಸಿದ್ದು ಎಂದು ತಂಗಿ ಮಾತಿಗೆ ಕೇಳಿದಳು.

"ತರಿಸೋದ್ಯಾಕೆ? ನಮ್ಮ ಬಾವೀನೇ ಕೊಡುತ್ತೆ," ಎಂದಳು ಅಕ್ಕ, ಹಸುವಿನ ಹಾಲಿನ ಬಗ್ಗೆ ಹೇಳುವವರ ಹೆಮ್ಮೆಯಿಂದ. "ನೀರಿನ ಜೊತೆ ಬರುತ್ತೆ, ತೊಟ್ಟೀಲಿ ಕೂರುತ್ತೆ. ವಾರ ವಾರ ಬಳಿದು ಹಾಕ್ತೀವಿ. ಈ ಇಸ್ತ್ರಿ ಕೋಣೆ ಪೂರಾ ಇದೇ ಮರಳಲ್ಲಿ ಕಟ್ಟಿಸಿದ್ದು ಲಾಂಡ್ರಿ ಯಜಮಾನ್ರು. ಪುಣ್ಯಾತ್ಮರು ಹೊರಗಡೆ ಒಂದು ಬುಟ್ಟಿ ಕೊಂಡಿಲ್ಲ."

ಅಕ್ಕ ಮಾತನಾಡುತ್ತಲೇ ಇದ್ದಳು. ಇಸ್ತ್ರಿ ಕೋಣೆಯ ಬಾಗಿಲು ನೆಲಕ್ಕೆ ತಾಗುತ್ತದೆಂದು ಬಡಗಿ ಬಂದು ಮತ್ತೆ ಕೆಳಗೆ ಉಜ್ಜಿ ಹೋದದ್ದನ್ನೂ, ಹೀಗೇ ಉಜ್ಜುತ್ತ ಹೋದರೆ ಕೊನೆಗೆ ಬೀಗವೊಂದೇ ಉಳಿಯುವುದೆಂದು ಹೆಂಗಸರು ನಕ್ಕದ್ದನ್ನೂ ಹೇಳಿದಳು. ತಂಗಿ ಗುಡ್ಡೆಯನ್ನೇ ನೋಡುತ್ತಿದ್ದಳು. ಬಾವಿಯ ಕೊಳವೆಯ ಜರಡಿ ಕೆಳಗೆಲ್ಲೋ ಹರಿದಿರಬೇಕು. ಪಂಪು ನೀರಿನ ಜೊತೆ ಹಳೆಯ ನದಿಯ ಮರಳನ್ನೂ ಎಳೆದು ತಂದು ಮೇಲೆ ಸುರಿದಿದೆ. ಇಲ್ಲಿ ಮೇಲೆ ಇಷ್ಟಿದ್ದರೆ, ಗೋಡೆಗೆ ಹೋದದ್ದು ಅಷ್ಟಿದ್ದರೆ, ಗಾರೆಯವರು ಒಯ್ದದ್ದು ಲೆಕ್ಕವಿಲ್ಲದಷ್ಟಿದ್ದರೆ, ಕೆಳಗೆ ಅಷ್ಟೇ ಜಾಗ ಬರಿದಾಗಿರಬೇಕು. ಬರಿದಾಗಿ ಗಾಳಿ ತುಂಬಿದ ಜಾಗ ವಿದ್ಯುತ್ತನ್ನು ಜಲ್ಲಿಗಿಂತಲೂ ಹೆಚ್ಚು ತಡೆಯುತ್ತದೆ. ಮುಳ್ಳು ಅಷ್ಟು ಮೇಲೆ ಹೋದದ್ದು ಅದಕ್ಕೇ. ತಾನು ಕಡುಗೆಂಪು ಹಚ್ಚಿದ್ದು ನದಿಗಲ್ಲ, ಪೊಳ್ಳಿಗೆ. ಪೊಳ್ಳಿನ ಮೇಲೆ ಜೇಡಿಯ ತೆಳುವಾದ ಚಪ್ಪರ, ಚಪ್ಪರದ ಮೇಲೆ ಅಕ್ಕ.

ಕಾಲಕೆಳಗಿನ ನೆಲ ಚಿಕ್ಕಂದಿನಲ್ಲಿ ಅನ್ನಿಸುತ್ತಿದ್ದಂತೆಯೇ ಅನ್ನಿಸಿತು. ಅವಳು ಸದ್ದಾಗದಂತೆ ಹೆಜ್ಜೆಯಿಟ್ಟು ಗೋಡೆಯ ಬದಿಗೆ ಸರಿದಳು. ಗೋಡೆಯೂ ಅದೇ ಮರಳಿನದು ಎಂದು ನೆನಪಾಗಿ ಕೈ ಹಿಂದೆ ತೆಗೆದಳು.

ಅಕ್ಕನಿಗೆ ಹೇಳಿದ್ದು ಇಸ್ತ್ರಿ ಕೋಣೆಯಲ್ಲಿ, ಹೆಂಗಸರು ಊಟಕ್ಕೆ ಎದ್ದಾಗ. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಒಗೆದ ಬಟ್ಟೆಗೆ ಧೂಳು ಸೋಕಬಾರದೆಂದು ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಬರಿಗಾಲಿಗೆ ನೆಲದ ನಡುಕ ಚೆನ್ನಾಗಿ ತಿಳಿಯುತ್ತಿತ್ತು: ಒಗೆಯುವ ಯಂತ್ರ ತಿರುಗುವುದು, ಪಂಪು ಎಳೆಯುವುದು. ಅಕ್ಕ ಹಾಸುಬಟ್ಟೆಯ ಅಂಚು ಹಿಡಿದು ಮಡಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು.

"ಮುಗೀತಾ?" ಎಂದಳು ಕೊನೆಗೆ. "ಈಗ ನಾನು ಹೇಳ್ತೀನಿ ಕೇಳು. ಇಲ್ಲಿರೋ ಒಬ್ಬೊಬ್ಬರ ಮನೇಲೂ ಒಲೆ ಹತ್ತೋದು ಈ ಬಾಯ್ಲರ್ ಹತ್ತಿದ್ರೆ. ನಿನಗೆ ಅನುಮಾನ ಬಂತು ಅಂತ ಬಾಗಿಲು ಹಾಕಿಸ್ತೀಯಾ? ನಿನ್ನ ಅನುಮಾನಕ್ಕೆ ಏನೇ ಕೊರತೆ? ಮಂಚದಿಂದ ಇಳಿಯೋಕೇ ನಿನಗೆ ಅನುಮಾನ ಇತ್ತು."

"ಈ ಸಲ ಬರೀ ಅನುಮಾನ ಅಲ್ಲ ಅಕ್ಕ."

"ನೋಡಿದ್ದೀಯಾ ಕೆಳಗೆ?"

"ಇಲ್ಲ."

"ಮತ್ತೆ?" ಅಕ್ಕ ಬಟ್ಟೆಯನ್ನು ಮೇಜಿನ ಮೇಲಿಟ್ಟು, ಕೋಣೆಯ ನಡುವೆ ಹೋಗಿ ನಿಂತು, ಹಿಂದಿನ ಹಾಗೆಯೇ ಹಿಮ್ಮಡಿ ಎತ್ತಿ ದಡದಡ ನೆಲ ಗುದ್ದಿದಳು. "ನೋಡು. ಎಲ್ಲಾದ್ರೂ ಹೋಯ್ತಾ?"

ಆ ಸದ್ದು ಬೇರೆಯಾಗಿತ್ತು. ಮನೆಯ ನೆಲ ಗುದ್ದಿದಾಗ ಏಳುತ್ತಿದ್ದ ಗಟ್ಟಿ ಸದ್ದಲ್ಲ. ಖಾಲಿ ಡ್ರಮ್ಮಿನ ಮುಚ್ಚಳಕ್ಕೆ ಮೊಣಕೈ ತಾಗಿದ ಹಾಗೆ ಒಂದು ಮರುದನಿ. ತಂಗಿ ಓಡಿ ಅಕ್ಕನ ತೋಳು ಹಿಡಿದು ಬಾಗಿಲಿಗೆ ಎಳೆದಳು. ಅಕ್ಕನೂ ಸದ್ದು ಕೇಳಿದ್ದಳೋ ಇಲ್ಲವೋ, ಅವಳ ಮುಖದಲ್ಲಿ ಗೊತ್ತಾಗಲಿಲ್ಲ. ತೋಳು ಬಿಡಿಸಿಕೊಂಡು, "ನಾಲ್ಕು ಜನರೆದುರು ಮಾನ ಕಳೀಬೇಡ," ಎಂದಷ್ಟೇ ಹೇಳಿ ಬಾಯ್ಲರ್ ನೋಡಲು ಹೋದಳು.

ನೀರಿನ ಕಚೇರಿಯ ಇಂಜಿನಿಯರ್ ಒಳ್ಳೆಯ ಮನುಷ್ಯ, ಆದರೆ ಅವನೆದುರು ತಂಗಿಯದೇ ಸಹಿಯ ವರದಿ ಇತ್ತು. ಮೊನ್ನೆ ಜಲ್ಲಿ ಎಂದವರು ಇಂದು ಪೊಳ್ಳು ಎಂದರೆ ಮೇಲಿನವರಿಗೆ ಏನು ಹೇಳಲಿ ಎಂದು ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬೇರೊಂದು ವಿಧಾನದಲ್ಲಿ ಪರೀಕ್ಷಿಸಿ ಸಾಬೀತು ಮಾಡಿದರೆ ಲಾರಿಯನ್ನು ನಿಲ್ಲಿಸುವುದಾಗಿಯೂ, ಲಾಂಡ್ರಿಗೆ ಬೀಗ ಹಾಕಿಸಲು ತಾನೇ ಬರೆಯುವುದಾಗಿಯೂ ಹೇಳಿದ. ಬೇರೆ ವಿಧಾನವೆಂದರೆ ಸುತ್ತಿಗೆ. ಕಬ್ಬಿಣದ ಹಲಗೆಯನ್ನು ನೆಲದ ಮೇಲಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆದರೆ ಏಟಿನ ಕಂಪನ ನೆಲದೊಳಗೆ ಹರಿಯುತ್ತದೆ. ದೂರದಲ್ಲಿ ಸಾಲಾಗಿ ನೆಟ್ಟ ಪುಟ್ಟ ಯಂತ್ರಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಕೆಲಸಗಾರರು ಅವನ್ನು ಕಿವಿಗಳು ಎನ್ನುತ್ತಾರೆ. ಗಟ್ಟಿ ನೆಲದಲ್ಲಿ ಏಟು ಬೇಗ ಮುಟ್ಟುತ್ತದೆ. ನಡುವೆ ಪೊಳ್ಳಿದ್ದರೆ ಅದರ ಆಚೆಯ ಕಿವಿಗಳಿಗೆ ಏನೂ ಕೇಳಿಸದು. ಕಿವಿಗಳು ಎಷ್ಟು ಸೂಕ್ಷ್ಮವೆಂದರೆ ಮರದ ಎಲೆಗೆ ಗಾಳಿ ಬಡಿದರೂ, ಯಾರಾದರೂ ನಾಲ್ಕು ಹೆಜ್ಜೆ ನಡೆದರೂ ಯಂತ್ರದ ಓದು, ಎಂದರೆ ಅಳತೆ, ಕೆಡುತ್ತದೆ. ಆದ್ದರಿಂದ ಏಟಿಗೆ ಮೊದಲು ಸುತ್ತಲಿನವರೆಲ್ಲ ಕಲ್ಲಾಗಿ ನಿಲ್ಲಬೇಕು. ಮುಖ್ಯಸ್ಥರು ಎತ್ತಿದ ಕೈಯನ್ನು ಇಳಿಸಿದಾಗ ಮಾತ್ರ ಸುತ್ತಿಗೆ ಬೀಳಬೇಕು. ಇದು ಆ ಕಸುಬಿನ ಮುರಿಯದ ನಿಯಮ.

ಪರೀಕ್ಷೆಗೆಂದು ಹೊಡೆಯುವ ಏಟೇ ತೆಳುವಾದ ಚಪ್ಪರವನ್ನು ಬೀಳಿಸಿದರೆ? ಈ ಪ್ರಶ್ನೆಯನ್ನು ಇಂಜಿನಿಯರ್ ಕೇಳಲಿಲ್ಲ. ತಂಗಿ ಗಾಳಿ ಬೀಸಿದ ಮೂರು ದಿನವೂ ಅದನ್ನೇ ಕೇಳಿಕೊಂಡಳು. ಸುತ್ತಿಗೆ ಮುಂದಿನ ರಸ್ತೆಯಲ್ಲಿ, ಕಿವಿಗಳು ಹಿಂದಿನ ಓಣಿಯಲ್ಲಿ, ಕಂಪನ ಮಾತ್ರ ಲಾಂಡ್ರಿಯ ಕೆಳಗೆ ಹಾಯಲಿ. ಅಂಗಳದಲ್ಲಿ ಯಾರೂ ಕಾಲಿಡುವುದು ಬೇಡ ಎಂದು ನಿಶ್ಚಯಿಸಿದಳು. ಆದರೆ ಒಳಗಿನವರು? ನಿಯಮದ ಪ್ರಕಾರ ಅವರು ಇದ್ದಲ್ಲೇ ಅಲುಗದೆ ನಿಂತರೆ ಸಾಕು. ತಂಗಿ ಯಜಮಾನರ ಬಳಿ ಹೋಗಿ, ಉಸಿರಾಡಿದರೂ ಓದು ಕೆಡುತ್ತದೆ, ಎಲ್ಲರೂ ರಸ್ತೆಯ ಆಚೆ ಬಂದು ನಿಲ್ಲಲೇಬೇಕು ಎಂದು ಹೇಳಿದಳು. ಅಷ್ಟು ಸಲೀಸಾಗಿ ಸುಳ್ಳು ತನ್ನ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ. ದೊಡ್ಡ ಬಾವಿ ಬಂದರೆ ತಮ್ಮ ಜಾಗಕ್ಕೆ ಬೆಲೆ ಬರುತ್ತದೆ ಎಂದುಕೊಂಡಿದ್ದ ಯಜಮಾನರು, ಇದೂ ಬಾವಿಯ ಕೆಲಸವೇ ಎಂದು ಭಾವಿಸಿ, ಊಟದ ಬಿಡುವಿನಲ್ಲಿ ಯಂತ್ರ ನಿಲ್ಲಿಸಲು ಒಪ್ಪಿದರು. ಬಿಡುವು ಮುಗಿದ ಮೇಲೆ ಒಂದು ನಿಮಿಷವೂ ಇಲ್ಲ ಎಂದರು.

ಹೀಗೆ ಹದಿನಾಲ್ಕನೆಯ ತಾರೀಖಿನ ಮಧ್ಯಾಹ್ನ ಬಂತು. ಪಂಪು ನಿಂತಿತು, ಒಗೆಯುವ ಯಂತ್ರಗಳು ನಿಂತವು. ಆ ಬೀದಿಯಲ್ಲಿ ಅಷ್ಟು ಮೌನವನ್ನು ಯಾರೂ ಕೇಳಿದವರಲ್ಲ; ಮೌನಕ್ಕೆ ಹೆದರಿದ ಹಾಗೆ ಒಂದು ನಾಯಿ ಎದ್ದು ಬೇರೆ ಬೀದಿಗೆ ಹೋಯಿತು. ಹೆಂಗಸರು ಊಟದ ಡಬ್ಬಿಗಳ ಸಮೇತ ಹೊರಗೆ ಬಂದು ಎದುರಿನ ಫುಟ್‌ಪಾತಿನ ಮೇಲೆ ಸಾಲಾಗಿ ನಿಂತರು. ನೆಲಕ್ಕೆ ಜ್ವರ ನೋಡುತ್ತಾರಂತೆ ಎಂದು ಒಬ್ಬಳು ಪಿಸುಗುಟ್ಟಿದಳು. ಬಾಯಲ್ಲಿ ಇಡುತ್ತಾರೋ ಕಂಕುಳಲ್ಲಿ ಇಡುತ್ತಾರೋ ಎಂದು ಇನ್ನೊಬ್ಬಳು. ಹಿಂದಿನ ಓಣಿಯಲ್ಲಿ ಕಿವಿಗಳಿಗೆ ತಂತಿ ಜೋಡಿಸಿದ್ದ ಕೆಲಸಗಾರ, ತಂತಿಯವನು, ಎಲ್ಲ ಸರಿಯಾಗಿವೆ ಎಂದು ಫೋನಿನಲ್ಲಿ ತಿಳಿಸಿದ. ಸುತ್ತಿಗೆಯವನು ಹಲಗೆಯ ಮುಂದೆ ಕಾಲಗಲಿಸಿ ನಿಂತು ಸುತ್ತಿಗೆಯನ್ನು ಹೆಗಲಿಗೇರಿಸಿದ. ತಂಗಿ ಕೈ ಎತ್ತಿದಳು. ಎಲ್ಲರೂ ಕಲ್ಲಾದರು.

ಆಗ ಅವಳಿಗೆ ಸಾಲಿನಲ್ಲಿ ಅಕ್ಕ ಇಲ್ಲದ್ದು ಕಂಡಿತು.

ಅಕ್ಕ ಒಳಗೇ ಇದ್ದಳು. ಬಾಯ್ಲರ್ ಉರಿಯುತ್ತಿರುವಾಗ ಅದನ್ನು ಒಂಟಿಯಾಗಿ ಬಿಟ್ಟು ಬರುವುದು ಅವಳ ಕಸುಬಿನ ಮುರಿಯದ ನಿಯಮಕ್ಕೆ ವಿರುದ್ಧ. ಊಟದ ಬಿಡುವಿನಲ್ಲಿ ಉರಿ ಆರಿಸಿದರೆ ಮತ್ತೆ ಹಬೆ ಏರಲು ಅರ್ಧ ದಿನ ಬೇಕು. ಬಾಯ್ಲರ್ ಕೋಣೆಯ ಕಿಟಕಿಯಲ್ಲಿ ಅವಳ ಮುಖ ಕಾಣುತ್ತಿತ್ತು. ನಾನು ಅಲುಗುವುದಿಲ್ಲ, ನೀನು ಮುಗಿಸು ಎಂಬಂತೆ ಕೈಸನ್ನೆ ಮಾಡಿದಳು.

ತಂಗಿಯ ಕೈ ಇಳಿಯಲಿಲ್ಲ. ಬಿಡುವಿನ ಹೊತ್ತು ಸರಿಯುತ್ತಿತ್ತು. ಏಟು ಬೀಳದೆ ಬಿಡುವು ಮುಗಿದರೆ ಎಲ್ಲರೂ ಮತ್ತೆ ಒಳಗೆ ಹೋಗುತ್ತಾರೆ, ನಾಡಿದ್ದು ಲಾರಿ ಬರುತ್ತದೆ. ಏಟು ಬಿದ್ದರೆ ಚಪ್ಪರ ತಡೆಯಬಹುದು, ತಡೆಯದಿರಬಹುದು. ಎತ್ತಿದ ಕೈಯ ಬೆರಳುಗಳಿಂದ ರಕ್ತ ಇಳಿದು ಜೋಮು ಹತ್ತಿತು. ಬೆವರು ಕಣ್ಣಿಗೆ ಇಳಿಯಿತು; ಒರೆಸಿಕೊಳ್ಳಲು ಕೈ ತಂದರೆ ಇಳಿಸಿದ ಹಾಗಾಗುತ್ತದೆಂದು ಒರೆಸಿಕೊಳ್ಳಲಿಲ್ಲ.

"ಮೇಡಂ," ಎಂದ ಸುತ್ತಿಗೆಯವನು ತುಟಿ ಅಲುಗಿಸದೆ, "ನನ್ನ ಹೆಗಲ ಮೇಲಿರೋದು ಹೂವಿನ ಬುಟ್ಟಿ ಅಲ್ಲ."

"ತಡಿ."

ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅದೇನೇ, ಮೇಷ್ಟ್ರು ಶಿಕ್ಷೆ ಕೊಟ್ಟ ಹಾಗೆ ಕೈ ಎತ್ಕೊಂಡು ನಿಂತಿದ್ದೀಯ. ಹೊಡೆಸು."

"ನೀನು ಒಳಗಿರೋವಾಗ ಇಳಿಸಲ್ಲ," ಎಂದಳು ತಂಗಿ. ದನಿ ತಾನೆಂದುಕೊಂಡದ್ದಕ್ಕಿಂತ ಸಣ್ಣಗೆ ಬಂತು, ಆದರೆ ಆ ಮೌನದಲ್ಲಿ ರಸ್ತೆಯ ಆ ತುದಿಗೂ ಕೇಳಿಸಿತು. "ನಂಗೆ ಭಯ ಆಗ್ತಿದೆ ಅಕ್ಕ. ಸಂಜೆವರೆಗೂ ಬೇಕಾದ್ರೆ ಹೀಗೇ ನಿಲ್ತೀನಿ. ಇಳಿಸಲ್ಲ."

ಹೆಂಗಸರ ಸಾಲಿನಲ್ಲಿ ಯಾರೂ ನಗಲಿಲ್ಲ. ಅಷ್ಟು ಹೊತ್ತಿಗೆ ಅವರಿಗೂ ಏನೋ ಹೊಳೆದಿತ್ತು. ಕಿಟಕಿಯಿಂದ ಅಕ್ಕನ ಮುಖ ಮರೆಯಾಯಿತು. ಒಳಗೆ ಉರಿ ಆರಿಸಿದ ಸದ್ದು, ಹಬೆ ಬಿಟ್ಟ ಸದ್ದು, ಆಮೇಲೆ ಮತ್ತೆ ಮೌನ. ಅಕ್ಕ ಮುಂಬಾಗಿಲಿನಿಂದ ಬಂದಳು. ಚಪ್ಪಲಿ ಹಿಂದೆ, ಇಸ್ತ್ರಿ ಕೋಣೆಯ ಬಾಗಿಲಲ್ಲೇ ಉಳಿದಿತ್ತು; ಬಿಸಿ ರಸ್ತೆಯನ್ನು ಬರಿಗಾಲಲ್ಲಿ ದಾಟಿ ತಂಗಿಯ ಪಕ್ಕ ನಿಂತು, "ಅರ್ಧ ದಿನದ ಹಬೆ ಹಾಳು ಮಾಡಿದೆ," ಎಂದಳು.

ತಂಗಿ ಕೈ ಇಳಿಸಿದಳು.

ಏಟು ಬಿತ್ತು. ತಂಗಿಯ ಮುಂದಿದ್ದ ಯಂತ್ರದ ಪರದೆಯ ಮೇಲೆ ಕಿವಿಗಳ ಗೆರೆಗಳು ಮೂಡಿದವು. ಎರಡು ತುದಿಯ ಕಿವಿಗಳು ಏಟನ್ನು ಕೇಳಿ ಗೆರೆಗಳನ್ನು ಕುಣಿಸಿದ್ದವು. ನಡುವಿನವು ಕುಣಿದಿರಲಿಲ್ಲ, ನೆಟ್ಟಗೆ, ಮಲಗಿದ ಹಾಗೆ ಇದ್ದವು. ತಂತಿ ಸಡಿಲವಾಗಿರಲಿ ಎಂದು ತಂಗಿ ಎಷ್ಟು ಆಸೆಪಟ್ಟಳೆಂದರೆ, ತಂತಿಯವನು ಎಲ್ಲವನ್ನೂ ಬಿಗಿ ಮಾಡಿ ನೋಡಿದೆನೆಂದ ಮೇಲೂ ಇನ್ನೊಮ್ಮೆ ನೋಡಿಸಿದಳು. ಎರಡನೆಯ ಏಟು. ಅವೇ ಮಲಗಿದ ಗೆರೆಗಳು. ಲಾಂಡ್ರಿಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿನವರೆಗೆ ನೆಲ ಕಿವುಡಾಗಿತ್ತು. ಒಂದು ಓದಿಗೆ ಮೂರು ಏಟು ಹೊಡೆಯುವುದು ವಾಡಿಕೆಯಾದ್ದರಿಂದ ಸುತ್ತಿಗೆಯವನು ಅಭ್ಯಾಸಬಲದಿಂದ ಮೂರನೆಯದಕ್ಕೆ ಎತ್ತಿದ್ದ.

"ತಡಿ," ಎಂದಳು ತಂಗಿ. "ಸಾಕು. ಮೆಲ್ಲಗೆ ಕೆಳಗಿಡು."

ಅವಳ ಮುಖ ನೋಡಿ ಅವನು ಆ ಭಾರದ ಸುತ್ತಿಗೆಯನ್ನು ನಿದ್ದೆಹೋದ ಮಗುವನ್ನು ಮಲಗಿಸುವಷ್ಟು ಜೋಪಾನದಿಂದ ನೆಲಕ್ಕಿಟ್ಟ.

ಯಜಮಾನರು ಗಡಿಯಾರ ನೋಡಿಕೊಂಡು, ಮುಗಿಯಿತಲ್ಲ, ಎಲ್ಲರೂ ಒಳಗೆ ನಡೆಯಿರಿ ಎಂದರು. ತಂಗಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಹುಟ್ಟಿದಾಗಿನಿಂದ ಯಾರಿಗೂ ಅಡ್ಡ ನಿಂತವಳಲ್ಲ. ಕೆಳಗೆ ಪೊಳ್ಳಿದೆ, ಇಂಜಿನಿಯರ್ ಬರುವವರೆಗೆ ಯಾರೂ ಒಳಗೆ ಹೋಗಬಾರದು ಎಂದು ಹೇಳಿದಳು. ಯಜಮಾನರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು: ಕಳೆದ ತಿಂಗಳು ಇವರೇ ಜಲ್ಲಿ ಎಂದಿದ್ದರು, ಇವರ ನಾಲಿಗೆಗೆ ಮೂಳೆಯಿಲ್ಲ, ಇವತ್ತಿನ ಆಸ್ಪತ್ರೆಯ ಬಟ್ಟೆ ಇವರು ಒಗೆದುಕೊಡುತ್ತಾರೆಯೇ ಎಂದರು. ತಂಗಿ ಬಾಗಿಲು ಬಿಟ್ಟು ಸರಿಯಲಿಲ್ಲ. ಹೆಂಗಸರಲ್ಲಿ ಒಂದಿಬ್ಬರು ಬಾಗಿಲಿನತ್ತ ಹೊರಟರು. ಉಳಿದವರು ಅಕ್ಕನ ಮುಖ ನೋಡಿದರು.

ಅಕ್ಕ ಅವರತ್ತ ನೋಡುತ್ತಿರಲಿಲ್ಲ. ಅಂಗಳದ ಪಕ್ಕದ ಗೋಡೆಯ ಮೇಲುಗಡೆ ಮರಳಿನ ಗುಡ್ಡೆಯ ನೆತ್ತಿಯೂ ಅದರಲ್ಲಿ ನೆಟ್ಟಿದ್ದ ಸಲಿಕೆಯ ಹಿಡಿಯೂ ರಸ್ತೆಗೆ ಕಾಣುತ್ತಿದ್ದವು. ಅವಳು ಅದನ್ನೇ ದಿಟ್ಟಿಸುತ್ತಿದ್ದಳು.

"ಸಲಿಕೆ," ಎಂದಳು.

ಸಲಿಕೆಯ ಹಿಡಿ ಇಳಿಯುತ್ತಿತ್ತು. ವಾಲುತ್ತಿರಲಿಲ್ಲ, ಬೀಳುತ್ತಿರಲಿಲ್ಲ, ನಿಂತ ಭಂಗಿಯಲ್ಲೇ, ಯಾರೋ ಮೆಟ್ಟಿಲಿಳಿದು ಹೋಗುವ ಹಾಗೆ, ಸಾವಕಾಶವಾಗಿ ಗೋಡೆಯ ಹಿಂದೆ ಇಳಿಯುತ್ತಿತ್ತು. ಗುಡ್ಡೆಯ ನೆತ್ತಿ ಮರೆಯಾಯಿತು, ಹಿಡಿ ಅರ್ಧವಾಯಿತು, ಹಿಡಿಯ ತುದಿಯೊಂದೇ ಉಳಿಯಿತು, ಅದೂ ಹೋಯಿತು. ಅಷ್ಟು ಹೊತ್ತೂ ಒಂದು ಸದ್ದಿಲ್ಲ. ಬಾಗಿಲಿನತ್ತ ಹೊರಟವರು ಒಂದು ಕಾಲು ಮುಂದಿಟ್ಟಲ್ಲೇ ನಿಂತಿದ್ದರು. ಯಜಮಾನರ ಬಾಯಿ ತೆರೆದೇ ಇತ್ತು. ಆಮೇಲೆ ಸದ್ದು ಬಂತು: ನೀರಿಗೆ ಏನೋ ಬಿದ್ದದ್ದು, ತೊಟ್ಟಿ ಒಡೆದದ್ದು, ಕೊನೆಗೆ ಇಸ್ತ್ರಿ ಕೋಣೆಯ ಹಿಂದಿನ ಗೋಡೆ ನಿಟ್ಟುಸಿರಿನಂಥ ದನಿಯೊಡನೆ ಒಳಗೊಳಗೇ ಕುಸಿದದ್ದು. ಮರಳು ಎಲ್ಲಿಂದ ಬಂದಿತ್ತೋ ಅಲ್ಲಿಗೆ ಮರಳಿ ಹೋಗಿತ್ತು, ಹೋಗುವಾಗ ಮಡಿಸುವ ಮೇಜನ್ನೂ ಬಾಗಿಲಲ್ಲಿದ್ದ ಚಪ್ಪಲಿಗಳನ್ನೂ ಕರೆದೊಯ್ದಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ಸುತ್ತಿಗೆಯವನೂ ತಂತಿಯವನೂ ಬೀದಿಯ ಎರಡೂ ಬದಿಗೆ ಹಗ್ಗ ಕಟ್ಟಿದರು. ಇಂಜಿನಿಯರ್ ಬಂದು, ಅಂಚಿಗೆ ಹೋಗದೆ ದೂರದಿಂದಲೇ ನೋಡಿ, ಕೊರೆಯುವ ಲಾರಿಯನ್ನು ಬೇಡವೆಂದು ಫೋನಿನಲ್ಲಿ ಹೇಳಿದ. ಯಜಮಾನರು ಎದುರಿನ ಕಟ್ಟೆಯ ಮೇಲೆ ಕುಳಿತು ಯಾರೋ ಕೊಟ್ಟ ನೀರನ್ನು ಕುಡಿಯದೆ ಹಿಡಿದುಕೊಂಡಿದ್ದರು. ಹೆಂಗಸರು ಮನೆಗೆ ಹೋಗಲೊಲ್ಲರು, ಅಲ್ಲಿ ನಿಲ್ಲಲೂ ಒಲ್ಲರು. ನಾಳೆಯಿಂದ ಕೆಲಸವಿಲ್ಲ ಎಂಬುದು ಒಬ್ಬರಾದ ಮೇಲೆ ಒಬ್ಬರಿಗೆ ತಿಳಿಯುತ್ತಿತ್ತು. ತಂಗಿಯನ್ನು ಯಾರೂ ಹೊಗಳಲಿಲ್ಲ. ಅವಳು ಅದನ್ನು ಬಯಸಿಯೂ ಇರಲಿಲ್ಲ.

"ನಿನ್ನ ಸುತ್ತಿಗೆಯಿಂದ ಬಿತ್ತಾ?" ಎಂದು ಅಕ್ಕ ಕೇಳಿದಳು. ಇಬ್ಬರೂ ಹಗ್ಗದ ಈಚೆ ನಿಂತಿದ್ದರು.

ತಂಗಿ ಯೋಚಿಸಿದಳು. ಏಟಿನಿಂದ ಇರಬಹುದು. ಪಂಪು ನಿಂತು ಕೆಳಗಿನ ನೀರು ಏರಿದ್ದರಿಂದ ಇರಬಹುದು. ಯಾವುದೂ ಅಲ್ಲದೆ, ಅದರ ಹೊತ್ತು ಬಂದಿದ್ದರಿಂದಲೂ ಇರಬಹುದು. ಇವತ್ತು ಬೀಳದಿದ್ದರೆ ನಾಳೆ ಬೆಳಿಗ್ಗೆ, ಮೇಜಿನ ಸುತ್ತ ಎಲ್ಲರೂ ನಿಂತಿರುವಾಗ ಬೀಳುತ್ತಿತ್ತೇನೋ. "ಗೊತ್ತಿಲ್ಲ ಅಕ್ಕ," ಎಂದಳು. "ಇನ್ನು ಮುಂದೂ ಗೊತ್ತಾಗಲ್ಲ."

ಅಕ್ಕ ತಲೆಯಾಡಿಸಿದಳು. "ಆವತ್ತು ಗುದ್ದಿದಾಗ ಸದ್ದು ನನಗೂ ಕೇಳಿಸಿತ್ತು ಕಣೆ," ಎಂದಳು. "ಕೇಳಿಸಿಕೊಂಡ್ರೆ ಏನು ಮಾಡ್ಬೇಕು ಅಂತ ಗೊತ್ತಿರಲಿಲ್ಲ."

ಸಂಜೆ ಇಬ್ಬರೂ ಅಕ್ಕನ ಮನೆಗೆ ನಡೆದುಕೊಂಡು ಹೋದರು. ಮನೆ ಅದೇ ಬೀದಿಯ ಮುಂದಿನ ತಿರುವಿನಲ್ಲಿತ್ತು. ನಕ್ಷೆಯಲ್ಲಿ ಕೆಂಪು ಪಟ್ಟಿ ಲಾಂಡ್ರಿಯಲ್ಲಿ ಮುಗಿಯುವುದಿಲ್ಲ. ಬ್ಯಾಂಕಿನ ಕೆಳಗೆ ಹಾದು, ಶಾಲೆಯ ಮೈದಾನವನ್ನು ಬಳಸಿ, ಆ ತಿರುವಿನಲ್ಲೂ ಹರಿಯುತ್ತದೆ. ಅಲ್ಲಿಯ ಕೆಂಪು ತಿಳಿಯಾದದ್ದು, ಬರೀ ಮರಳಿನದು ಎಂದು ತಂಗಿ ನಂಬಿದ್ದಳು. ಆ ಬೀದಿಯಲ್ಲಿ ಇನ್ನೆಷ್ಟು ಬಾವಿಗಳಿವೆ, ಯಾವ ಬಾವಿ ಯಾರ ಅಂಗಳದಲ್ಲಿ ಮರಳು ಸುರಿಯುತ್ತಿದೆ ಎಂದು ನಾಳೆಯಿಂದ ಮನೆಮನೆಗೆ ಹೋಗಿ ಕೇಳಬೇಕಿತ್ತು. ಇದನ್ನು ಅಕ್ಕನಿಗೆ ಇನ್ನೂ ಹೇಳಿರಲಿಲ್ಲ. ಹೇಳುವ ಅಗತ್ಯ ಬರಲಿಲ್ಲ. ಬಾಗಿಲು ತೆರೆದ ಅಕ್ಕ ಹೊಸ್ತಿಲಲ್ಲಿ ನಿಂತಳು. ಬಲಗಾಲನ್ನು ಒಳಗಿಟ್ಟು, ಅದರ ಮೇಲೆ ಪೂರ್ತಿ ಭಾರ ಹಾಕದೆ, ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ಒಂದು ಗಳಿಗೆ ತಡೆದಳು. ಆಮೇಲೆ ಎಡಗಾಲನ್ನು ಒಳಗಿಟ್ಟಳು.

ತಂಗಿ ಬರೆದಿಟ್ಟ ಅಂದಿನ ಖರ್ಚು: ವ್ಯಾನಿಗೆ ಡೀಸೆಲ್. ಪೆಟ್ಟಿಗೆಗೆ ಹೊಸ ಬ್ಯಾಟರಿ ಒಂದು. ಬೀದಿಗೆ ಅಡ್ಡ ಕಟ್ಟಲು ಹಗ್ಗ, ಎರಡು ಸುರುಳಿ. ಬೀದಿಯಲ್ಲಿ ನಿಂತವರೆಲ್ಲರಿಗೆ ಚಹಾ, ಬ್ರೆಡ್ಡು. ಸುತ್ತಿಗೆಯವನಿಗೂ ತಂತಿಯವನಿಗೂ ಹೆಚ್ಚಿನ ಹೊತ್ತಿನ ಕೂಲಿ. ಅಕ್ಕನಿಗೆ ಚಪ್ಪಲಿ, ಒಂದು ಜೊತೆ. ಇದನ್ನು ಕಚೇರಿಯ ಲೆಕ್ಕಕ್ಕೆ ಸೇರಿಸಿಲ್ಲ.